ವೆಲ್ಸ್ ಮಹಾಶಯನ ಪುಟ್ಟ ಯುದ್ಧಗಳು

ಕಳೆದ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ನನ್ನ ನಾಲ್ವರು ವಿದ್ಯಾರ್ಥಿಗಳು ಒಂದು ವ್ಯಾಜ್ಯವನ್ನು ಹೊತ್ತುಕೊಂಡು ಬಂದು ನಮ್ಮ ಮನೆಯ ಜಗಲಿಯ ಮೇಲೆ ಕುಳಿತರು. ಛಂದಸ್ಸಿನ ವಿಷಯವಾಗಿಯೋ ಪರೀಕ್ಷೆಯ ವಿಷಯವಾಗಿಯೋ ಬಂದಿರಬೇಕೆಂದು ನಾನು ಎಣಿಸಿದ್ದೆ. ಬಂದದ್ದು ಅದಕ್ಕಲ್ಲ. ಈಗ ತರುಣರಲ್ಲಿ ಹಬ್ಬಿರುವ ಒಂದು ಆಟವುಂಟು. ಅದಕ್ಕೆ ಹಾಸೂ ಇಲ್ಲ, ಗೆಲ್ಲುವ ಮನೆಯೂ ಇಲ್ಲ. ಒಬ್ಬನು ಕಥೆ ಹೇಳುತ್ತಾನೆ. ಉಳಿದವರು ಒಬ್ಬೊಬ್ಬ ವೀರನ ಪಾತ್ರವನ್ನು ವಹಿಸಿ, ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಿ, ಗುಹೆಗಳನ್ನು ಹೊಕ್ಕು ರಾಕ್ಷಸರೊಡನೆ ಕಾದುತ್ತಾರೆ. ಹಿಂದಿನ ರಾತ್ರಿ ಅವರಲ್ಲೊಬ್ಬನ ವೀರನಿಗೆ ಏಳು ಬಾರಿ ಕತ್ತಿಯ ಏಟು ತಗುಲಿತ್ತಂತೆ. ಆದರೂ ಅವನು ಸಾಯಲಿಲ್ಲ; ಒಂದು ರಾತ್ರಿ ಮಲಗಿ ಎದ್ದು ಬೆಳಗಾಗುವ ಹೊತ್ತಿಗೆ ಮತ್ತೆ ಸರ್ವಾಂಗ ಸುಂದರನಾಗಿದ್ದನು. ಇದು ಶುದ್ಧ ಸುಳ್ಳು, ಇಂಥ ಆಟ ಆಡುವುದರಲ್ಲಿ ಅರ್ಥವಿಲ್ಲ ಎಂದು ಒಬ್ಬನ ವಾದ. ನಿಜವನ್ನೇ ತಂದರೆ ಮೊದಲ ಏಟಿಗೇ ಆಟ ಮುಗಿದು ಎಲ್ಲರೂ ಮಲಗಬೇಕಾದೀತು ಎಂದು ಇನ್ನೊಬ್ಬನ ಪ್ರತಿವಾದ. ಮೂರನೆಯವನು ನನ್ನನ್ನು ನ್ಯಾಯಾಧೀಶನನ್ನಾಗಿ ಮಾಡುವ ಉತ್ಸಾಹದಲ್ಲಿದ್ದನು. ನಾಲ್ಕನೆಯವನು ಕೊಡಗಿನ ಹುಡುಗ, ಸೈನಿಕರ ಮನೆತನದವನು. ಅವನು ಮಾತ್ರ ಏನೂ ಹೇಳದೆ ಮಳೆಯನ್ನು ನೋಡುತ್ತ ಕುಳಿತಿದ್ದನು.

ನಾನು ತೀರ್ಪು ಕೊಡಲಿಲ್ಲ. ಕೊಡುವಷ್ಟು ಆ ಆಟ ನನಗೆ ತಿಳಿಯದು. ಅದಕ್ಕೆ ಬದಲಾಗಿ ಒಬ್ಬ ಮನುಷ್ಯನ ಜೀವನವನ್ನು ಅವರಿಗೆ ಹೇಳಿದೆ. ಕಾಲಯಂತ್ರದ ಕಥೆಯನ್ನೂ ಮಂಗಳಗ್ರಹದವರ ದಂಡಯಾತ್ರೆಯನ್ನೂ ಬರೆದವನೆಂದು ನಾವೆಲ್ಲ ಅರಿತಿರುವ ಎಚ್. ಜಿ. ವೆಲ್ಸ್, ಸೀಸದ ಗೊಂಬೆ ಸಿಪಾಯಿಗಳನ್ನಿಟ್ಟುಕೊಂಡು ನೆಲದ ಮೇಲೆ ಮಂಡಿಯೂರಿ ಆಡಿದನೆಂಬುದೂ, ಆ ಆಟಕ್ಕೆ ಶಾಸ್ತ್ರವನ್ನು ಬರೆದನೆಂಬುದೂ ನಮ್ಮಲ್ಲಿ ಹೆಚ್ಚು ಪ್ರಚಾರವಾಗಿಲ್ಲ. ಅಂದು ಹೇಳಿದ್ದನ್ನೇ ಕೊಂಚ ಕ್ರಮಪಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹರ್ಬರ್ಟ್ ಜಾರ್ಜ್ ವೆಲ್ಸ್ ಹುಟ್ಟಿದ್ದು 1866ನೆಯ ಇಸವಿ ಸೆಪ್ಟೆಂಬರ್ 21ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಬ್ರಾಮ್ಲಿ ಎಂಬ ಊರಿನಲ್ಲಿ. ತಂದೆ ಜೋಸೆಫ್ ವೆಲ್ಸ್ ಮೊದಲು ತೋಟದ ಮಾಲಿ. ಆಮೇಲೆ ಪಿಂಗಾಣಿ ಪಾತ್ರೆಗಳ ಒಂದು ಸಣ್ಣ ಅಂಗಡಿಯ ಯಜಮಾನ. ಅಂಗಡಿ ಎಂದೂ ಏಳಿಗೆಗೆ ಬರಲಿಲ್ಲ. ಆದರೆ ಆತ ಒಳ್ಳೆಯ ಕ್ರಿಕೆಟ್ ಆಟಗಾರ. 1862ರಲ್ಲಿ ಕೆಂಟ್ ತಂಡದ ಪರವಾಗಿ ನಾಲ್ಕು ಎಸೆತಗಳಲ್ಲಿ ನಾಲ್ವರನ್ನು ಔಟ್ ಮಾಡಿದ ಕೀರ್ತಿ ಅವನದು. ತಾಯಿ ಸಾರಾ ಸಿರಿವಂತರ ಮನೆಯಲ್ಲಿ ಪರಿಚಾರಿಕೆಯಾಗಿದ್ದವಳು, ದೈವಭೀರು. ಆಟವನ್ನು ಬಲ್ಲ ತಂದೆ, ಕಟ್ಟಳೆಯನ್ನು ಬಲ್ಲ ತಾಯಿ: ಈ ಇಬ್ಬರ ಮಗ ಮುಂದೆ ಆಟಕ್ಕೆ ಕಟ್ಟಳೆಯನ್ನು ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಏಳು ವರ್ಷದ ಬಾಲಕನಾಗಿದ್ದಾಗ ವೆಲ್ಸ್ ಕಾಲು ಮುರಿದುಕೊಂಡು ಹಲವು ವಾರ ಹಾಸಿಗೆ ಹಿಡಿದನು. ಅದು 1874ರ ಮಾತು. ತಂದೆ ಪುಸ್ತಕಗಳನ್ನು ತಂದು ತಂದು ಕೊಟ್ಟನು, ಹುಡುಗ ಓದಿದನು. ತನ್ನ ಬದುಕಿನ ಭಾಗ್ಯೋದಯವಾದದ್ದು ಆ ಮುರಿದ ಕಾಲಿನಿಂದಲೇ ಎಂದು ಮುಂದೆ ಆತ ಬಗೆದಿದ್ದುಂಟು. ಆ ಓದಿನ ಜೊತೆಗೆ ಇನ್ನೊಂದು ಗುಟ್ಟಿನ ಬದುಕೂ ಬೆಳೆಯಿತು. ಬ್ರಾಮ್ಲಿಯ ಹೊಲಗಳಲ್ಲಿ ಒಬ್ಬನೇ ತಿರುಗಾಡುವಾಗ ಈ ಬಡಕಲು ಹುಡುಗ ಮನಸ್ಸಿನಲ್ಲಿ ಮಹಾಸೇನಾನಿಯಾಗುತ್ತಿದ್ದನು. ದಿಬ್ಬದ ಮೇಲೆ ತೋಪುಗಳನ್ನು ಏರಿಸುತ್ತಿದ್ದನು, ಬಯಲಿನಲ್ಲಿ ಅಶ್ವದಳವನ್ನು ಓಡಿಸುತ್ತಿದ್ದನು, ಶತ್ರುಗಳನ್ನು ಸದೆಬಡಿದು ಜಗತ್ತನ್ನು ತನ್ನ ಇಚ್ಛೆಯಂತೆ ತಿದ್ದುತ್ತಿದ್ದನು. ಹದಿಮೂರು ವರ್ಷದವರೆಗೂ ಈ ಹಗಲುಗನಸು ನಡೆದಿತ್ತೆಂದು ಆತ್ಮಕಥೆಯಲ್ಲಿ ಆತ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಬಾಲ್ಯ ಬೇಗನೆ ಮುಗಿಯಿತು. ತಂದೆಗೆ ತೊಡೆಯ ಮೂಳೆ ಮುರಿದು ಆಟದ ಸಂಪಾದನೆ ನಿಂತುಹೋಯಿತು. ತಾಯಿ ಮತ್ತೆ ದೊಡ್ಡವರ ಮನೆಯ ಚಾಕರಿಗೆ ಹೋದಳು. ಮಗನನ್ನು ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು. 1881ರಿಂದ 1883ರವರೆಗೆ ಸೌತ್‌ಸೀ ಎಂಬಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಥಾನುಗಳನ್ನು ಬಿಚ್ಚುವುದು, ಮಡಿಸುವುದು, ನಿಲ್ಲುವುದು; ರಾತ್ರಿ ಇತರ ಹುಡುಗರೊಡನೆ ಸಾಲು ಮಂಚಗಳ ಕೊಠಡಿಯಲ್ಲಿ ಬಿದ್ದುಕೊಳ್ಳುವುದು. ಕೊನೆಗೆ ಹಟ ಹಿಡಿದು ಅದನ್ನು ಬಿಟ್ಟು ಓಡಿ, ಮಿಡ್‌ಹರ್ಸ್ಟಿನ ಶಾಲೆಯಲ್ಲಿ ಕಲಿಯುತ್ತ ಕಲಿಸುವ ಕೆಲಸ ಹಿಡಿದನು. ಅಲ್ಲಿಂದ ವಿದ್ಯಾರ್ಥಿವೇತನ ಪಡೆದು 1884ರಲ್ಲಿ ಲಂಡನ್ನಿನ ವಿಜ್ಞಾನ ಶಾಲೆಯನ್ನು ಸೇರಿ, ಡಾರ್ವಿನ್ನನ ಪರವಾಗಿ ವಾದಿಸಿ ಪ್ರಸಿದ್ಧನಾದ ಟಿ. ಎಚ್. ಹಕ್ಸ್‌ಲಿಯ ಪಾದಮೂಲದಲ್ಲಿ ಜೀವಶಾಸ್ತ್ರವನ್ನು ಕಲಿತನು. ಒಂದು ಪ್ರಾಣಿಯನ್ನು ನೋಡಿ, ಅದರಲ್ಲಿ ಮುಖ್ಯವಾದದ್ದು ಯಾವುದು, ಬಿಡಬಹುದಾದದ್ದು ಯಾವುದು ಎಂದು ವಿಂಗಡಿಸಿ ಚಿತ್ರ ಬರೆಯುವ ಶಿಸ್ತು ಅವನಿಗೆ ಅಲ್ಲಿ ದೊರಕಿತು. ಕಾದಂಬರಿಕಾರನಿಗೂ ಆಟ ಕಟ್ಟುವವನಿಗೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆಮೇಲಿನ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. 1895ರಲ್ಲಿ ಕಾಲಯಂತ್ರದ ಕಥೆ, 1897ರಲ್ಲಿ ಅದೃಶ್ಯ ಮಾನವನ ಕಥೆ, 1898ರಲ್ಲಿ ಮಂಗಳಗ್ರಹದವರ ಯುದ್ಧದ ಕಥೆ ಹೊರಬಂದವು. ಬಡತನ ಹಿಂದೆ ಸರಿಯಿತು. ಮೊದಲ ಮದುವೆ ಮುರಿದು, ತನ್ನ ಶಿಷ್ಯೆಯಾಗಿದ್ದ ಏಮಿ ಕ್ಯಾಥರೀನಳನ್ನು 1895ರಲ್ಲಿ ಮದುವೆಯಾದನು. ಗೃಹಸ್ಥನಾಗಿ ಅವನ ನಡತೆಯನ್ನು ಹೊಗಳುವಂತಿಲ್ಲ. ಆದರೆ 1901ರಲ್ಲಿ ಹುಟ್ಟಿದ ಜಾರ್ಜ್ ಫಿಲಿಪ್, 1903ರಲ್ಲಿ ಹುಟ್ಟಿದ ಫ್ರಾಂಕ್ ಎಂಬ ಇಬ್ಬರು ಮಕ್ಕಳ ಪಾಲಿಗೆ ಅವನಂಥ ಆಟದ ಗೆಳೆಯ ಇರಲಿಲ್ಲ. ಸ್ಯಾಂಡ್‌ಗೇಟಿನ ಕಡಲ ದಂಡೆಯ ಮನೆಯಲ್ಲಿ ನೆಲದ ತುಂಬ ಮರದ ಇಟ್ಟಿಗೆಗಳು, ಹಲಗೆಗಳು, ರೈಲುಗಳು, ಸಿಪಾಯಿಗಳು. ನೆಲವೇ ಸಮುದ್ರ, ಹಲಗೆಗಳೇ ದ್ವೀಪಗಳು. ಈ ಆಟಗಳ ವಿಚಾರವಾಗಿ 1911ರಲ್ಲಿ ಆತ ಒಂದು ಚಿಕ್ಕ ಪುಸ್ತಕವನ್ನೇ ಬರೆದನು. ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ವೈದ್ಯೆ ಆ ಪುಸ್ತಕವನ್ನು ನೆನೆದು, ಮನಸ್ಸು ನೊಂದ ಮಕ್ಕಳ ಮುಂದೆ ಮರಳಿನ ತಟ್ಟೆಯನ್ನೂ ಗೊಂಬೆಗಳನ್ನೂ ಇಟ್ಟು, ಅವರು ಕಟ್ಟುವ ಲೋಕದಿಂದ ಅವರ ನೋವನ್ನು ಅರಿಯುವ ಪದ್ಧತಿಯನ್ನು ರೂಪಿಸಿದಳು. ಆಟ ಹುಡುಗಾಟವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಎರಡನೆಯ ಪುಸ್ತಕವೇ ನಮ್ಮ ವಿಷಯ. ಪುಟ್ಟ ಯುದ್ಧಗಳು ಎಂಬ ಅರ್ಥದ ಹೆಸರನ್ನು ಹೊತ್ತು 1913ರಲ್ಲಿ ಅದು ಪ್ರಕಟವಾಯಿತು. ಅದರ ಹುಟ್ಟನ್ನು ವೆಲ್ಸ್ ಸೊಗಸಾಗಿ ವರ್ಣಿಸುತ್ತಾನೆ. ಒಮ್ಮೆ ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ ಊಟಕ್ಕೆ ಬಂದಿದ್ದನು. ಪುಸ್ತಕದಲ್ಲಿ ಬರಿಯ ಮೊದಲಕ್ಷರಗಳ ಮರೆಯಲ್ಲಿ ಅವನನ್ನು ನಿಲ್ಲಿಸಿದ್ದಾನೆ. ಊಟ ಮುಗಿದು ಕಾಫಿ ಬರುವುದರೊಳಗೆ, ಪಕ್ಕದ ಮೇಜಿನ ಮೇಲೆ ಮಕ್ಕಳು ಬಿಟ್ಟುಹೋಗಿದ್ದ ಒಂದು ಆಟದ ತೋಪು ಅತಿಥಿಯ ಕಣ್ಣಿಗೆ ಬಿತ್ತು. ಸ್ಪ್ರಿಂಗಿನ ಬಲದಿಂದ ಒಂದಂಗುಲದ ಮರದ ತುಂಡನ್ನು ಹಾರಿಸುವ ತೋಪು ಅದು. ಜೆರೋಮ್ ಅದನ್ನು ತುಂಬಿದನು, ಗುರಿಯಿಟ್ಟನು, ಸಿಪಾಯಿಯೊಬ್ಬನನ್ನು ಉರುಳಿಸಿದನು. ಅಷ್ಟೇ ಸಾಕಾಯಿತು. ಮಧ್ಯವಯಸ್ಸಿನ ಇಬ್ಬರು ಸಾಹಿತಿಗಳು ಪಂಥಕ್ಕೆ ನಿಂತರು.

ಬರಿಯ ಗುರಿಯಾಟ ಬಹುಬೇಗ ಬೇಸರ ತಂದಿತು. ಸಿಪಾಯಿಗಳು ನಡೆಯಬೇಕು ಎನ್ನಿಸಿತು. ನಡೆಯಬೇಕಾದರೆ ನಾಡು ಬೇಕು. ವಿಶ್ವಕೋಶದ ಸಂಪುಟಗಳು ದಿಬ್ಬಗಳಾದವು; ಆಮೇಲೆ ರಟ್ಟಿನ ಮನೆಗಳು ಬಂದವು, ಗಿಡದ ಕಡ್ಡಿಗಳು ಕಾಡುಗಳಾದವು, ಸೀಮೆಸುಣ್ಣದ ಗೆರೆಗಳು ನದಿಗಳಾದವು. ಎದುರಾಳಿ ಸೇನೆಯನ್ನು ಹೂಡುವುದು ಕಾಣದಂತೆ ನಡುವೆ ಒಂದು ಪರದೆಯನ್ನು ಎಳೆದರು. ಆಗ ತೊಡಕುಗಳು ಒಂದೊಂದಾಗಿ ಎದ್ದವು. ಕಾಲಾಳು ಎಷ್ಟು ದೂರ ನಡೆಯಬೇಕು? ಒಂದು ನಡೆಗೆ ಒಂದು ಅಡಿ. ಕುದುರೆಯವನು? ಎರಡು ಅಡಿ. ತೋಪು ತಾನೇ ಹಾರೀತೆ? ಇಲ್ಲ, ಆರು ಅಂಗುಲದೊಳಗೆ ತನ್ನ ಕಡೆಯ ನಾಲ್ವರಾದರೂ ಇರಬೇಕು, ಒಂದು ನಡೆಗೆ ನಾಲ್ಕೇ ಗುಂಡು. ಎರಡು ಪಡೆಗಳು ಮೈಗೆ ಮೈ ತಾಗಿದರೆ? ಅಲ್ಲಿ ದಾಳವಿಲ್ಲ, ಅದೃಷ್ಟವಿಲ್ಲ. ತಲೆಗೆ ತಲೆ ಲೆಕ್ಕ. ತನ್ನವರಿಂದ ದೂರವಾಗಿ ಒಂಟಿಯಾಗಿ ಸಿಕ್ಕಿಬಿದ್ದ ಸಣ್ಣ ತಂಡದವರು ಮಾತ್ರ ಲೆಕ್ಕದಂತೆ ಸೆರೆಯಾಗುತ್ತಾರೆ.

ಈ ಕಟ್ಟಳೆಗಳನ್ನು ಓದುವಾಗ ನನಗೆ ವಿಸ್ಮಯವಾದದ್ದು ಅವುಗಳ ಸಣ್ಣತನ. ನಿಜವಾದ ಯುದ್ಧದಲ್ಲಿ ಕಾಲಾಳು ಒಂದೇ ವೇಗದಲ್ಲಿ ನಡೆಯುವುದಿಲ್ಲ. ಕೆಸರು ಉಂಟು, ಹಸಿವು ಉಂಟು, ಹೊರೆ ಉಂಟು. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಲು ಹೊರಟ ಆಟವೊಂದು ವೆಲ್ಸನಿಗೆ ಬಹಳ ಮೊದಲೇ ಇತ್ತು. ನಮ್ಮ ಚತುರಂಗವು ಆನೆ, ಕುದುರೆ, ರಥ, ಪದಾತಿಗಳೆಂಬ ನಾಲ್ಕು ಅಂಗಗಳ ಸೇನೆಯನ್ನು ಅರವತ್ತನಾಲ್ಕು ಮನೆಗಳಿಗೆ ಇಳಿಸಿ, ಯುದ್ಧದ ವಿವರಗಳನ್ನೆಲ್ಲ ಬಿಟ್ಟು ಬುದ್ಧಿಯನ್ನಷ್ಟೇ ಉಳಿಸಿಕೊಂಡಿತು. ಪ್ರಷ್ಯಾದ ಸೇನೆಯವರು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟರು. ರೈಸ್‌ವಿಟ್ಸ್ ಎಂಬ ತಂದೆ ಆರಂಭಿಸಿದ್ದನ್ನು ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ಪೂರ್ಣಗೊಳಿಸಿದನು. ಎಂಟು ಸಾವಿರಕ್ಕೆ ಒಂದು ಅಳತೆಯ ನಕ್ಷೆ, ಎರಡು ನಿಮಿಷದ ಕಾಲವನ್ನು ಪ್ರತಿನಿಧಿಸುವ ಒಂದೊಂದು ನಡೆ, ಸಾವುನೋವಿನ ಕೋಷ್ಟಕಗಳು, ದಾಳಗಳು, ಎಲ್ಲದರ ಮೇಲೆ ಒಬ್ಬ ಮಧ್ಯಸ್ಥ. ಸೇನೆಯ ಮುಖ್ಯಸ್ಥರು ಅದನ್ನು ಮೆಚ್ಚಿ ದಳದಳಕ್ಕೂ ಹಂಚಿದರು. ಆದರೆ ಆ ತರುಣ 1827ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಅವನ ತರುವಾಯ ಬಂದವರು ಕೋಷ್ಟಕಕ್ಕೆ ಕೋಷ್ಟಕ ಸೇರಿಸಿ ಆಟವನ್ನು ಭಾರವಾಗಿಸಿದರು. ಕೊನೆಗೆ 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯೇ ಬೇಸತ್ತು, ಈ ಲೆಕ್ಕದ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಅನುಭವಸ್ಥನಾದ ಮಧ್ಯಸ್ಥನ ತೀರ್ಮಾನಕ್ಕೆ ಎಲ್ಲವನ್ನೂ ಬಿಡಬೇಕೆಂದು ಸೂಚಿಸಿದನು.

ಇಂಗ್ಲೆಂಡಿನ ಸೇನೆಯಲ್ಲಿಯೂ ಈ ಆಟ ಬಳಕೆಯಲ್ಲಿತ್ತು. ವೆಲ್ಸನ ಆಟದ ಸುದ್ದಿ ಕೇಳಿ ಸೇನಾಧಿಕಾರಿಗಳು ಕೆಲವರು ಅವನೊಡನೆ ಪತ್ರವ್ಯವಹಾರ ಮಾಡಿದರು. ಪುಸ್ತಕದ ಅನುಬಂಧದಲ್ಲಿ ಆತ ಈ ಎರಡು ಆಟಗಳನ್ನು ಹೋಲಿಸುತ್ತಾನೆ. ಅಲ್ಲಿ ಆತ ಹೇಳುವ ಒಂದು ವಿಚಾರ ನನ್ನ ಮನಸ್ಸಿನಲ್ಲಿ ನಾಟಿ ನಿಂತಿದೆ. ಸೇನೆಯವರ ಆಟ ಮಂಕಾದದ್ದು. ಅದರಲ್ಲಿ ಕೊರತೆಯಾಗಿರುವುದು ವಾಸ್ತವತೆಯೇ ಎಂದು ಅವನ ಅಭಿಪ್ರಾಯ. ಅಷ್ಟು ನಿಖರವಾದ ನಕ್ಷೆ, ಅಷ್ಟು ಕೋಷ್ಟಕಗಳಿದ್ದೂ ವಾಸ್ತವತೆಯ ಕೊರತೆಯೆಂದರೇನು? ಉತ್ತರ ಅವನ ಕಟ್ಟಳೆಗಳಲ್ಲೇ ಇದೆ. ಪ್ರತಿ ನಡೆಗೂ ಆತ ಗಡಿಯಾರವನ್ನು ಇಟ್ಟನು. ಕೆಲವೇ ನಿಮಿಷಗಳಲ್ಲಿ ನೂರು ಸಿಪಾಯಿಗಳನ್ನು ಸರಿಸಬೇಕು, ತೋಪು ತುಂಬಬೇಕು, ಗುರಿಯಿಡಬೇಕು. ಆಟಗಾರನ ಕೈ ನಡುಗುತ್ತದೆ, ಅಂಗಿಯ ತೋಳು ತಗುಲಿ ತನ್ನವರೇ ಉರುಳುತ್ತಾರೆ, ಎಡಪಾರ್ಶ್ವವನ್ನು ಮರೆತೇಬಿಡುತ್ತಾನೆ, ಕಾಲ ಮುಗಿದುಹೋಗುತ್ತದೆ. ಸೇನಾನಿಯ ಗಾಬರಿ, ಆತುರ, ಮರೆವು, ಪೆದ್ದುತನ ಎಲ್ಲವೂ ಆಟದಲ್ಲಿ ನಿಜವಾಗಿಯೇ ಹುಟ್ಟುತ್ತವೆ. ಅವುಗಳಿಗೆ ಕೋಷ್ಟಕ ಬೇಕಿಲ್ಲ.

ಇಲ್ಲಿ ಎರಡು ಬಗೆಯ ವಾಸ್ತವತೆಗಳಿವೆ. ವಸ್ತುವಿನ ವಾಸ್ತವತೆ ಒಂದು. ಅನುಭವದ ವಾಸ್ತವತೆ ಇನ್ನೊಂದು. ಮೊದಲನೆಯದನ್ನು ಕೂಡಿಸುತ್ತ ಹೋದಷ್ಟೂ ಆಟ ನಿಧಾನವಾಗುತ್ತದೆ. ನಿಧಾನವಾದಷ್ಟೂ ಎರಡನೆಯದು ಆರಿಹೋಗುತ್ತದೆ. ನಾವು ಕನ್ನಡದ ಕಾವ್ಯವನ್ನು ಓದುವವರು ಇದನ್ನು ಅರಿಯದವರಲ್ಲ. ರನ್ನನು ಭೀಮ ದುರ್ಯೋಧನರ ಗದಾಯುದ್ಧವೊಂದನ್ನೇ ಹಿಡಿದು, ಉಳಿದ ಭಾರತವನ್ನೆಲ್ಲ ಹಿನ್ನೋಟವಾಗಿ ಅದರೊಳಗೆ ಅಡಗಿಸಿದನು. ಹದಿನೆಂಟು ದಿನಗಳ ದಿನಚರಿಯನ್ನು ಬರೆದಿದ್ದರೆ ದುರ್ಯೋಧನನ ಎದೆ ನಮಗೆ ಕಾಣುತ್ತಿರಲಿಲ್ಲ. ಏನನ್ನು ಬಿಡಬೇಕೆಂಬುದನ್ನು ಬಲ್ಲವನೇ ಕವಿ. ಆಟ ಕಟ್ಟುವವನಿಗೂ ಈ ಮಾತು ಸಲ್ಲುತ್ತದೆ.

ಆದರೆ ಕಥೆ ಇಲ್ಲಿಗೆ ಮುಗಿದಿದ್ದರೆ ವೆಲ್ಸನ ಆಟ ಬರಿಯ ಒಂದು ಸ್ವಾರಸ್ಯವಾಗಿ ಉಳಿಯುತ್ತಿತ್ತು. ಪುಸ್ತಕದ ಕೊನೆಯಲ್ಲಿ ಆತ ತಟ್ಟನೆ ಗಂಭೀರನಾಗುತ್ತಾನೆ. ಈ ಪುಟ್ಟ ಯುದ್ಧವೆಷ್ಟು ಮೇಲು! ಇಲ್ಲಿ ಹೆಣಗಳಿಲ್ಲ, ಸುಟ್ಟ ಹಳ್ಳಿಗಳಿಲ್ಲ, ವಿಧವೆಯರಿಲ್ಲ. ಯುದ್ಧದ ಹುಚ್ಚು ಹಿಡಿದ ದೊರೆಗಳನ್ನೂ ಪತ್ರಿಕಾ ವೀರರನ್ನೂ ಒಂದು ದೊಡ್ಡ ಮನೆಯಲ್ಲಿ ಕೂಡಿಹಾಕಿ, ಬೇಕಾದಷ್ಟು ಸೀಸದ ಸಿಪಾಯಿಗಳನ್ನು ಕೊಟ್ಟು, ಸಾಯುವವರೆಗೂ ಆಡಿಕೊಂಡಿರಿ ಎಂದು ಬಿಡಬೇಕೆಂಬುದು ಅವನ ಸಲಹೆಯ ಸಾರ. ನೆಲದ ಮೇಲಿನ ನೂರು ಗೊಂಬೆಗಳನ್ನು ನಡೆಸುವಾಗಲೇ ಜಾಣರು ಇಷ್ಟು ತಪ್ಪುಗಳನ್ನು ಮಾಡುವುದಾದರೆ, ಲಕ್ಷಾಂತರ ಜೀವಗಳನ್ನು ನಡೆಸುವಾಗ ಏನಾದೀತು? ಮೂರು ನಾಲ್ಕು ಬಾರಿ ಈ ಆಟವನ್ನು ಆಡಿದ ಯಾರಿಗಾದರೂ ಮಹಾಯುದ್ಧವೆಂಬುದು ಮನುಷ್ಯನ ಬುದ್ಧಿಯ ಅಳತೆಗೆ ಮೀರಿದ ಅವಿವೇಕವೆಂದು ಮನವರಿಕೆಯಾಗುವುದೆಂದು ಆತ ನಂಬಿದನು.

ಒಂದು ವರ್ಷ ಕಳೆಯುವುದರೊಳಗೆ, 1914ರ ಆಗಸ್ಟಿನಲ್ಲಿ, ಮಹಾಯುದ್ಧ ಬಂದಿತು. ಆಗ ವೆಲ್ಸ್ ಏನು ಮಾಡಿದನು? ಆಟದಿಂದ ತಾನು ಕಲಿತದ್ದನ್ನು ತಾನೇ ಮರೆತನು. ಇದು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ಲೇಖನಗಳ ಮೇಲೆ ಲೇಖನ ಬರೆದನು. ಆ ಮಾತು ನಾಡಿನ ಬಾಯಲ್ಲಿ ಘೋಷಣೆಯಾಯಿತು. 1918ರಲ್ಲಿ ಸರ್ಕಾರದ ಪ್ರಚಾರ ಕಾರ್ಯದಲ್ಲಿಯೂ ಕೆಲಕಾಲ ತೊಡಗಿದನು. ಆದರೂ ಕಾದಂಬರಿಕಾರನ ಅಂತಃಕರಣ ಸುಮ್ಮನಿರಲಿಲ್ಲ. 1916ರಲ್ಲಿ ಬಂದ ಬ್ರಿಟ್‌ಲಿಂಗನ ಕಥೆಯಲ್ಲಿ, ಯುದ್ಧವನ್ನು ಉತ್ಸಾಹದಿಂದ ಸಮರ್ಥಿಸಿದ ಒಬ್ಬ ಲೇಖಕ ತನ್ನ ಹಿರಿಯ ಮಗನನ್ನು ಕಂದಕಗಳಲ್ಲಿ ಕಳೆದುಕೊಳ್ಳುತ್ತಾನೆ. ವೆಲ್ಸನ ಸ್ವಂತ ಮಕ್ಕಳು ಆಗ ಚಿಕ್ಕವರು; ಅವರಿಗೆ ಏನೂ ಆಗಲಿಲ್ಲ. ನೆಲದ ಮೇಲೆ ಮಕ್ಕಳೊಡನೆ ಆಡಿದ ತಂದೆಯೇ ಆ ಅಧ್ಯಾಯಗಳನ್ನು ಬರೆಯಬಲ್ಲವನಾಗಿದ್ದನು ಎಂದು ನನಗೆ ತೋರುತ್ತದೆ.

ಇನ್ನೂ ದೊಡ್ಡ ತಪ್ಪೊಪ್ಪಿಗೆ ಬಂದದ್ದು 1934ರಲ್ಲಿ, ಆತ್ಮಕಥೆಯಲ್ಲಿ. ಬ್ರಾಮ್ಲಿಯ ಹೊಲಗಳಲ್ಲಿ ತಾನು ಕಂಡ ಹಗಲುಗನಸುಗಳನ್ನು ಅಲ್ಲಿ ವಿವರಿಸುತ್ತ, ಜರ್ಮನಿಯಲ್ಲಿ ಆಗತಾನೇ ಅಧಿಕಾರಕ್ಕೆ ಬಂದಿದ್ದ ಹಿಟ್ಲರನು ಬೇರಾರೂ ಅಲ್ಲ, ಹದಿಮೂರು ವರ್ಷದ ತನ್ನ ಕನಸೇ ಮೈತಾಳಿ ಬಂದದ್ದು ಎಂಬರ್ಥದಲ್ಲಿ ಬರೆದನು. ಎಷ್ಟು ಜನ ಲೇಖಕರು ತಮ್ಮ ಬಾಲ್ಯದ ಆಟದಲ್ಲಿ ಲೋಕದ ಕೇಡಿನ ಬೀಜವನ್ನು ಗುರುತಿಸುವ ಧೈರ್ಯ ಮಾಡಿಯಾರು? ವ್ಯತ್ಯಾಸ ಒಂದೇ. ಕನಸಿನಲ್ಲಿ ಕಟ್ಟಳೆಗಳಿರಲಿಲ್ಲ, ಅಲ್ಲಿ ಒಬ್ಬನೇ ಸೇನಾನಿ, ಅವನಿಗೆ ಸೋಲಿಲ್ಲ. ನೆಲದ ಮೇಲಿನ ಆಟದಲ್ಲಾದರೋ ಎದುರಿಗೆ ಇನ್ನೊಬ್ಬ ಮನುಷ್ಯ ಕುಳಿತಿದ್ದನು, ಗಡಿಯಾರವಿತ್ತು, ಕಟ್ಟಳೆಯಿತ್ತು, ಸೋಲು ಇತ್ತು. ಕಟ್ಟಳೆಯೆಂಬುದು ವಾಸ್ತವಕ್ಕೆ ಶತ್ರುವಲ್ಲ. ನಮ್ಮ ಇಚ್ಛೆಯೊಂದೇ ಜಗತ್ತಲ್ಲ ಎಂದು ನೆನಪಿಸುವ ವಾಸ್ತವವೇ ಅದು.

ಉಳಿದ ಬದುಕನ್ನು ಸಂಕ್ಷೇಪಿಸುತ್ತೇನೆ. ಯುದ್ಧಾನಂತರ ಆತ ಜಗತ್ತಿನ ಚರಿತ್ರೆಯನ್ನು ಒಂದೇ ಕಥೆಯಾಗಿ ಬರೆದನು; ಸೆರೆಮನೆಯಿಂದ ಮಗಳಿಗೆ ಜಗತ್ತಿನ ಕಥೆ ಹೇಳಿದ ನೆಹರೂ ಅವರೂ ಆ ಗ್ರಂಥವನ್ನು ಬಳಸಿಕೊಂಡವರು. ಹಿರಿಯ ಮಗ ಪ್ರಾಣಿಶಾಸ್ತ್ರಜ್ಞನಾಗಿ ತಂದೆಯೊಡನೆ ಜೀವಶಾಸ್ತ್ರದ ಬೃಹದ್ಗ್ರಂಥವೊಂದರ ಸಹಲೇಖಕನಾದನು. ಅಣುಬಾಂಬೆಂಬ ಹೆಸರನ್ನು 1914ರ ಒಂದು ಕಾದಂಬರಿಯಲ್ಲೇ ಬಳಸಿದ್ದ ವೆಲ್ಸ್, ಅದು ಹಿರೋಷಿಮಾದ ಮೇಲೆ ಬಿದ್ದುದನ್ನು ಕೇಳುವವರೆಗೂ ಬದುಕಿದ್ದು, 1946ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡನು.

ಆಟ ಮಾತ್ರ ಸಾಯಲಿಲ್ಲ. ಗೊಂಬೆ ಸೈನ್ಯಗಳ ಆಟ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬೆಳೆಯಿತು. 1974ರಲ್ಲಿ ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬ ಇಬ್ಬರು, ಸೇನೆಯನ್ನು ಬಿಟ್ಟು ಒಬ್ಬೊಬ್ಬ ವೀರನನ್ನು ಒಬ್ಬೊಬ್ಬ ಆಟಗಾರನ ಕೈಗೆ ಕೊಟ್ಟರು. ನನ್ನ ವಿದ್ಯಾರ್ಥಿಗಳು ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟ ಹುಟ್ಟಿದ್ದು ಹಾಗೆ. ವೆಲ್ಸನ ಪುಸ್ತಕದ 2004ರ ಒಂದು ಮುದ್ರಣಕ್ಕೆ ಗೈಗ್ಯಾಕ್ಸನೇ ಮುನ್ನುಡಿ ಬರೆದು ಋಣ ಸಲ್ಲಿಸಿದನು. ಒಂದೇ ಏಟಿಗೆ ಗೊಂಬೆ ಸತ್ತರೆ ಚಿಂತೆಯಿಲ್ಲ. ಆದರೆ ವಾರಗಟ್ಟಲೆ ತನ್ನದೆಂದು ಬೆಳೆಸಿದ ಪಾತ್ರ ಒಂದೇ ಏಟಿಗೆ ಸತ್ತರೆ ಆಟಗಾರ ಒಪ್ಪುವನೆ? ಅದಕ್ಕಾಗಿ ಆರ್ನೆಸನ್ ನೌಕಾಯುದ್ಧದ ಆಟದಿಂದ ಏಟುಗಳ ಲೆಕ್ಕವನ್ನು ಎರವಲು ತಂದನು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲವಷ್ಟೆ. ಆ ಅಂಕೆಗಳು ಬರಿಯ ಮಾಂಸದ ಲೆಕ್ಕವಲ್ಲ. ಚಳಕ, ಅದೃಷ್ಟ, ಧೈರ್ಯಗಳೂ ಅದರಲ್ಲಿ ಸೇರಿವೆಯೆಂದು 1979ರಲ್ಲಿ ಗೈಗ್ಯಾಕ್ಸ್ ಸಮಾಧಾನ ಹೇಳಿದನು. ನಮ್ಮ ಜಗಲಿಯ ವ್ಯಾಜ್ಯಕ್ಕೆ ಅವರಿಬ್ಬರೇ ಮೊದಲ ಕಕ್ಷಿದಾರರೆಂದಾಯಿತು.

ನಾನು ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಮಳೆ ನಿಂತಿತ್ತು. ಆಗ ಕೊಡಗಿನ ಹುಡುಗ ಮೊದಲ ಬಾರಿಗೆ ಬಾಯಿಬಿಟ್ಟನು. ಅವನ ಮುತ್ತಾತ ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗಕ್ಕೆ ಹೋಗಿ ಬಂದವರಂತೆ. ಮನೆಯಲ್ಲಿ ಅವರ ಪದಕಗಳಿವೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮಕ್ಕಳು ಎಷ್ಟು ಕಾಡಿದರೂ ಅವರು ಆ ಕಾಡಿನ ವಿಚಾರವಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲವಂತೆ. ಕೇಳಿದರೆ ಎದ್ದು ಕಾಫಿ ತೋಟಕ್ಕೆ ಹೋಗಿಬಿಡುತ್ತಿದ್ದರಂತೆ. ಆಟಕ್ಕೆ ಎಷ್ಟು ನಿಜವನ್ನು ತಂದರೂ ಅದನ್ನು ತರಲಾಗುವುದಿಲ್ಲ ಸಾರ್, ಅದಕ್ಕೇ ನಾನು ವಾದಕ್ಕೆ ಬರಲಿಲ್ಲ ಎಂದನು.

ಉಳಿದ ಮೂವರೂ ಸುಮ್ಮನಾದರು. ನನಗೂ ಹೆಚ್ಚಿಗೆ ಹೇಳಲು ತೋಚಲಿಲ್ಲ. ವೆಲ್ಸನ ಕಟ್ಟಳೆಗಳ ನಡುವೆ ಒಂದು ಖಾಲಿ ಜಾಗವಿದೆ. ಗಾಯಗೊಂಡವನಿಗೆ ಅಲ್ಲಿ ಕಟ್ಟಳೆಯಿಲ್ಲ. ಗೊಂಬೆ ನಿಂತಿದೆ, ಇಲ್ಲವೇ ಬಿದ್ದಿದೆ. ಮೊದಲ ಬಾರಿ ಓದಿದಾಗ ಅದು ಆಟದ ಕೊರತೆಯೆಂದು ನಾನು ಎಣಿಸಿದ್ದೆ. ಆ ಮರಿಮಗನ ಮಾತನ್ನು ಕೇಳಿದ ಮೇಲೆ ಅದು ಆಟದ ಮರ್ಯಾದೆಯೆಂದು ತೋರುತ್ತಿದೆ. ತಾನು ಹೇಳಲಾರದ್ದನ್ನು ಹೇಳಿದಂತೆ ನಟಿಸದಿರುವುದೂ ಒಂದು ಬಗೆಯ ಸತ್ಯನಿಷ್ಠೆಯೇ. 1914ರಲ್ಲಿ ವೆಲ್ಸ್ ತಪ್ಪಿದ್ದು ಆ ಖಾಲಿ ಜಾಗವನ್ನು ಘೋಷಣೆಗಳಿಂದ ತುಂಬಲು ಹೋದಾಗ.

ಹುಡುಗರು ಎದ್ದು ಹೊರಟರು. ಮೆಟ್ಟಿಲಿಳಿಯುವಾಗ ಅವರ ವಾದ ಮತ್ತೆ ಆರಂಭವಾಗಿತ್ತು. ಗಾಯ ಮಾಯಲು ಒಂದು ರಾತ್ರಿಯ ಬದಲು ಒಂದು ವಾರವೆಂದು ಕಟ್ಟಳೆ ಮಾಡಿಕೊಂಡರೆ ಹೇಗೆ ಎಂದು ಒಬ್ಬನು ಕೇಳುತ್ತಿದ್ದನು. ಕೊಡಗಿನ ಹುಡುಗ ಈ ಬಾರಿ ಅದಕ್ಕೆ ಉತ್ತರ ಕೊಡುತ್ತ ಅವರ ನಡುವೆ ನಡೆದುಹೋದನು.